ಬು ಕುಸ್ರಿನಿಯ ‘ಇಂಗೆ’

ನಾನು ಜಾವಾದ ಸುರಬಾಯದವಳು. ಬಂದರಿನ ಊರು ನಮ್ಮದು. ಅಲ್ಲಿ ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ, ಎರಡೂ ಬೀದಿಯ ಆ ಕೊನೆಗೆ ಕೇಳಿಸುವ ಹಾಗೆ. ಮದುವೆಯಾಗಿ ಸೋಲೋ ಕಡೆಯ ಈ ಊರಿಗೆ ಬಂದಾಗ ಇಲ್ಲಿಯವರ ಮಾತಿಗೆ ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಏನು ಕೇಳಿದರೂ ‘ಇಂಗೆ’. ಊಟ ಆಯಿತಾ? ಇಂಗೆ. ನಾಳೆ ಬರುತ್ತೀರಾ? ಇಂಗೆ. ನಿಮ್ಮ ಕೋಳಿ ನನ್ನ ಮೆಣಸಿನ ಗಿಡ ಕೆದರಿ ಹಾಕಿದೆ. ಇಂಗೆ. ನಾನು ಅದನ್ನು ‘ಹೌದು’ ಎಂದು ತಿಳಿದು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಮ್ಮೆ ನಮ್ಮ ಓಣಿಯವರನ್ನೆಲ್ಲ ಊಟಕ್ಕೆ ಕರೆದೆ, ಎಲ್ಲರೂ ಇಂಗೆ ಅಂದರು, ನಾನು ಹಂಡೆ ತುಂಬ ಕೋಳಿ ಸಾರು ಕಾಯಿಸಿ ಕೂತೆ. ಒಬ್ಬರೂ ಬರಲಿಲ್ಲ. ಆ ಸಾರನ್ನು ಬಿಸಿ ಮಾಡಿ ಮಾಡಿ ನಾನೂ ನನ್ನ ಗಂಡನೂ ದಿನಗಟ್ಟಲೆ ಕುಡಿದೆವು.

ಆಮೇಲೆ ತಿಳಿಯಿತು, ಇಂಗೆಯಲ್ಲಿ ಬಗೆಗಳಿವೆ. ಗಿಡ್ಡವಾಗಿ ‘ಇಂಗೆ’ ಅಂದು, ಅನ್ನುವಾಗಲೇ ಎದ್ದು ನಿಂತರೆ ಅದು ಹೌದು. ತಲೆ ತಗ್ಗಿಸಿ, ಎರಡು ಕೈಯನ್ನೂ ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟು, ಕೊನೆಯನ್ನು ಎಳೆದು ‘ಇಂಗೇ’ ಅಂದರೆ ಖಂಡಿತ ಬೇಡ. ‘ಬೇಡ’ಕ್ಕೆ, ‘ಇಲ್ಲ’ಕ್ಕೆ ಇವರ ಮರ್ಯಾದೆಯ ಭಾಷೆಯಲ್ಲಿ ಬೇರೆ ಶಬ್ದ ಇಲ್ಲವೆಂದಲ್ಲ. ‘ಬೊತೆನ್’ ಅಂತಿದೆ. ಆದರೆ ಹಿರಿಯರ ಎದುರಿಗೆ, ಮೇಲಿನವರ ಎದುರಿಗೆ ಅದನ್ನು ಅಂದರೆ ಕೆನ್ನೆಗೆ ಹೊಡೆದ ಹಾಗೆ. ಕೇಳುವವರು ಕೈ ನೋಡಿ ಅರ್ಥ ಮಾಡಿಕೊಳ್ಳಬೇಕು. ಅರ್ಥವಾಗದಿದ್ದರೆ ತಪ್ಪು ಕೇಳಿದವರದು.

ಇದನ್ನು ನನಗೆ ಕಲಿಸಿದವರು ಬು ಕುಸ್ರಿನಿ. ಅವರು ಸರಕಾರಿ ಕೆಲಸದವರು, ಆದ್ದರಿಂದ ಬು, ಅಮ್ಮನವರು. ನಾನು ತೆಂಪೆ, ಅಂದರೆ ಸೋಯಾ ಕಾಳಿನ ಬಿಲ್ಲೆ, ಕರಿದು ಮಾರುವವಳು, ಆದ್ದರಿಂದ ಯು ರತ್ಮಿ, ರತ್ಮಿ ಅಕ್ಕ. ಜಿಲ್ಲಾ ಗ್ರಂಥಾಲಯದ ಮಕ್ಕಳ ಕೋಣೆ ಅವರ ಕೈಯಲ್ಲಿತ್ತು. ಆ ಕೋಣೆಯ ಕಿಟಕಿಯ ಕೆಳಗೆ ನನ್ನ ಚಹಾದ ಅಂಗಡಿ. ಶನಿವಾರ ಬೆಳಿಗ್ಗೆ ಅವರು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಜಾವಾ ಕತೆ ಓದುತ್ತಿದ್ದರು, ನಾನು ಬಾಣಲೆಯ ಮುಂದೆ ನಿಂತು ಕೇಳುತ್ತಿದ್ದೆ. ಆ ಕತೆಗಳಲ್ಲಿ ಇಲಿಯೊಂದು ಹುಲಿಯ ಜೊತೆ ಎಷ್ಟು ಮರ್ಯಾದೆಯಿಂದ ಮಾತಾಡುತ್ತಿತ್ತೆಂದರೆ ನಾನು ಹಾಗೇ ಬಾಯಿಪಾಠ ಮಾಡಿದೆ. ನನ್ನ ಬಂದರಿನ ಭಾಷೆಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ ನನ್ನ ಮಾವ ಒಂದು ದಿನ, “ಯಾರಮ್ಮ ನಿಂಗೆ ಇಷ್ಟು ಚೆನ್ನಾಗಿ ಮಾತಾಡೋದು ಕಲಿಸಿದ್ದು?” ಎಂದು ಕೇಳಿದರು.

“ಒಂದು ಇಲಿ ಮಾವಾ,” ಅಂದೆ.

ಬು ಕುಸ್ರಿನಿ ಗಿಡ್ಡ ಆಳು. ಹತ್ತಿರ ಬಂದರೆ ಲವಂಗದ ವಾಸನೆ; ಹುಳು ಹಿಡಿಯದಿರಲೆಂದು ಪ್ರತಿ ಕಪಾಟಿನ ಹಿಂದೆ ಲವಂಗದ ಗಂಟು ಇಡುತ್ತಿದ್ದರು. ಬೆರಳಿನ ಸಂದಿಯಲ್ಲಿ ಸದಾ, ಹರಿದ ಹಾಳೆ ಅಂಟಿಸಿ ಒಣಗಿದ ಗಂಜಿ ಅಂಟು. ಮದುವೆಯಾಗಲಿಲ್ಲ. ಒಂದು ಸಂಬಂಧ ಬಂದಿತ್ತಂತೆ, ಬೇಸಾಯದ ಇಲಾಖೆಯ ಗುಮಾಸ್ತ. ಇವರು ಚಹಾ ತಂದಿಟ್ಟು ಉದ್ದದ ಇಂಗೇ ಅಂದರು. ಅವರು ಚಹಾ ಕುಡಿದು, ಚಹಾ ಚೆನ್ನಾಗಿದೆ ಎಂದು ಹೇಳಿ, ಎದ್ದು ಹೋದರು. ಯಾರಿಗೂ ಬೇಜಾರಿಲ್ಲ. ತಾಯಿ ಹೋದ ಮೇಲೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದರು. ಮನೆ ಅನ್ನುವುದು ಮಲಗಲಿಕ್ಕೆ ಮಾತ್ರ.

ಅವರ ಜೀವ ಇದ್ದದ್ದು ಕಿಟಕಿಯ ಪಕ್ಕದ ಒಂದು ಕಪಾಟಿನಲ್ಲಿ. ಜಾವಾ ಭಾಷೆಯ ಮಕ್ಕಳ ಪುಸ್ತಕಗಳು. ತೆಳು ಪುಸ್ತಕ, ಹಳದಿ ಹಾಳೆ, ದಪ್ಪ ಅಕ್ಷರ. ಅವನ್ನು ಅಚ್ಚು ಹಾಕಿದ ಪ್ರೆಸ್ಸುಗಳು ಮುಚ್ಚಿ ಯಾವ ಕಾಲವಾಯಿತೋ. ಹರಿದರೆ ಇನ್ನೊಂದು ಪ್ರತಿ ಎಲ್ಲೂ ಸಿಗುವುದಿಲ್ಲ. ನನ್ನ ಇಲಿ ಇದ್ದದ್ದೂ ಅಲ್ಲೇ.

ನಾನು ಅಂಗಡಿ ಹಾಕಿದ ಹೊಸದರಲ್ಲಿ ವರ್ಷಕ್ಕೆ ಎರಡು ಸಲ ಹೊಸ ಪುಸ್ತಕದ ಪೆಟ್ಟಿಗೆಗಳು ಬರುತ್ತಿದ್ದವು. ಆಮೇಲೆ ಒಂದು ಸಲವಾಯಿತು. ಆಮೇಲೆ ಪುಸ್ತಕ ಆರಿಸುವ ಕೆಲಸವೇ ಗುತ್ತಿಗೆದಾರರ ಕೈಗೆ ಹೋಗಿ, ಅವರ ಗೋದಾಮಿನಲ್ಲಿ ಏನು ಉಳಿದಿತ್ತೋ ಅದು ಬರತೊಡಗಿತು. ಒಂದು ವರ್ಷ ಮಕ್ಕಳ ಕೋಣೆಗೆ ಕೆರೆಯಲ್ಲಿ ಮೀನು ಸಾಕುವುದು ಹೇಗೆ ಎಂಬ ಪುಸ್ತಕ ಬಂತು. ಪೆಟ್ಟಿಗೆ ತುಂಬ ಅದೊಂದೇ.

“ಮಕ್ಕಳು ಮೀನಿನ ವ್ಯಾಪಾರ ಮಾಡಬೇಕಾ ಬು?” ಎಂದು ಕೇಳಿದೆ.

“ಚಿತ್ರ ಇದೆ ಯು,” ಅಂದರು. ಅವನ್ನೆಲ್ಲ ಪ್ರಾಣಿಗಳ ಸಾಲಿನಲ್ಲಿ ಚೆಂದವಾಗಿ ಜೋಡಿಸಿದರು.

ಮಕ್ಕಳೂ ಬದಲಾದರು. ಮೊದಲು ಚಾಪೆಯ ಮೇಲೆ ಜಾಗಕ್ಕಾಗಿ ಜುಟ್ಟು ಹಿಡಿದು ಜಗಳವಾಡುತ್ತಿದ್ದವು. ಆಮೇಲೆ ಜಪಾನಿ ಕಾಮಿಕ್ಸ್ ಬಾಡಿಗೆಗೆ ಕೊಡುವ ಅಂಗಡಿ ಬಂತು, ಅರ್ಧ ಮಕ್ಕಳು ಅತ್ತ ಹೋದವು. ಆಮೇಲೆ ಮೊಬೈಲು ಬಂದು ಆ ಅಂಗಡಿಯೂ ಮುಚ್ಚಿತು. ಮನೆಗಳಲ್ಲೂ ಜಾವಾ ನಿಂತುಹೋಯಿತು. ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ತಾಯಂದಿರು ಮಕ್ಕಳೊಂದಿಗೆ ಇಂಡೋನೇಷ್ಯಾದ ಭಾಷೆಯನ್ನೇ ಆಡತೊಡಗಿದರು. ಗ್ರಂಥಾಲಯಕ್ಕೆ ಪುಕ್ಕಟೆ ವೈಫೈ ಬಂದ ಮೇಲೆ ಮಕ್ಕಳು ಮತ್ತೆ ಬಂದವು, ಆದರೆ ಒಳಗಲ್ಲ, ಮೆಟ್ಟಿಲ ಮೇಲೆ. ಕತ್ತು ಬಗ್ಗಿಸಿ, ಬಾಯಿ ತೆರೆದುಕೊಂಡು, ನನ್ನ ತೆಂಪೆಯ ಕಡೆಗೂ ಕಣ್ಣೆತ್ತದೆ ಕೂತಿರುತ್ತಿದ್ದವು. ನನಗೆ ಮೈ ಉರಿಯುತ್ತಿತ್ತು.

ಬು ಕುಸ್ರಿನಿ ಬೈಯುವವರಲ್ಲ. ಅವರು ವೈಫೈ ಪಾಸ್‌ವರ್ಡನ್ನು ಜಾವಾ ಕಪಾಟಿನೊಳಗೆ ಬಚ್ಚಿಟ್ಟರು. ವಾರಕ್ಕೊಂದು ಕತೆಯ ಹೆಸರು ಬಾಗಿಲಿಗೆ ಅಂಟಿಸುವುದು. ಆ ಕತೆಯಲ್ಲಿ ಇಲಿ ಹುಲಿಗೆ ಏನು ಬಡಿಸಿತು ಎಂದು ಹುಡುಕಿದರೆ ಅದೇ ಪಾಸ್‌ವರ್ಡು. ಕೆಲವು ವಾರ ಮಕ್ಕಳು ಕಪಾಟಿಗೆ ಮುಗಿಬಿದ್ದವು. ಬು ಕುಸ್ರಿನಿ ಅಷ್ಟು ನಕ್ಕದ್ದನ್ನು ನಾನು ಆಗಲೇ ನೋಡಿದ್ದು. ಆಮೇಲೆ ಯಾವಳೋ ಒಬ್ಬಳು ಜಾಣೆ ಅದನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸುವುದು ಕಲಿತಳು. ಅಲ್ಲಿಗೆ ಮುಗಿಯಿತು. ಶನಿವಾರದ ಕತೆಗೆ ಮೂವರು, ಕೆಲವೊಮ್ಮೆ ಇಬ್ಬರು. ಯಾರೂ ಬರದ ಶನಿವಾರವೂ ಅವರು ಕಿಟಕಿ ತೆರೆದು ಓದುತ್ತಿದ್ದರು. ನನಗಾಗಿ ಎಂದು ನನಗೆ ಗೊತ್ತಿತ್ತು. ಎಣ್ಣೆಯ ಸದ್ದು ಹೆಚ್ಚಾಗದಿರಲೆಂದು ನಾನು ಉರಿ ಸಣ್ಣ ಮಾಡುತ್ತಿದ್ದೆ.

ಇಷ್ಟಾದರೂ ಕಪಾಟು ಉಳಿದಿತ್ತು. ಹೇಗೆ? ಇಂಗೆಯಿಂದ. ಹಳೆಯ ಮುಖ್ಯಸ್ಥರು ಪಾಕ್ ಹರ್ಜಿತೊ, ಅಂದರೆ ಹರ್ಜಿತೊ ಸಾಹೇಬರು, ಇದೇ ಊರಿನವರು. ಪ್ರತಿ ವರ್ಷ ಹಣ ಕಡಿಮೆಯಾದಾಗ ಬಂದು, “ಬು, ಆ ಜಾವಾ ಕಪಾಟು ತೆಗೆದುಬಿಡೋಣ್ವಾ? ಯಾರೂ ಮುಟ್ಟೋದಿಲ್ವಲ್ಲ,” ಅನ್ನುತ್ತಿದ್ದರು. ಬು ಕುಸ್ರಿನಿ ತಲೆ ತಗ್ಗಿಸಿ, ಕೈ ಹೊಟ್ಟೆಯ ಮೇಲಿಟ್ಟು, “ಇಂಗೇ, ಪಾಕ್,” ಅನ್ನುತ್ತಿದ್ದರು. ಪಾಕ್ ಹರ್ಜಿತೊ ಆ ಕೈಗಳನ್ನು ನೋಡಿ, ತಲೆಯ ಮೇಲಿನ ಮಾಡು ನೋಡಿ, “ಸರಿ, ಮುಂದಿನ ವರ್ಷ ನೋಡೋಣ ಬಿಡಿ,” ಎಂದು ಹೊರಟುಬಿಡುತ್ತಿದ್ದರು. ಹೀಗೇ ಅವರು ನಿವೃತ್ತರಾಗುವವರೆಗೂ ನಡೆಯಿತು.

ಅವರ ಜಾಗಕ್ಕೆ ಸುಮಾತ್ರದ ಮೇಡಾನಿನಿಂದ ಪಾಕ್ ನಬಾಬಾನ್ ಬಂದರು. ದೊಡ್ಡ ದನಿ, ದೊಡ್ಡ ಹೆಜ್ಜೆ, ಮನಸ್ಸಿನಲ್ಲಿ ಇದ್ದದ್ದು ಬಾಯಲ್ಲಿ. ಬಂದ ತಿಂಗಳಲ್ಲೇ ಸೋರುವ ಮಾಡು ಸರಿಮಾಡಿಸಿದರು, ಕಕ್ಕಸಿಗೆ ನೀರು ಬರಿಸಿದರು. “ಯು ರತ್ಮಿ, ನಿಮ್ಮ ಚಹಾದಲ್ಲಿ ಸಕ್ಕರೆ ಜಾಸ್ತಿ,” ಎಂದು ಮುಖದ ಮೇಲೇ ಹೇಳಿದರು. ನನಗೆ ತವರಿನವರು ಬಂದಷ್ಟು ಖುಷಿಯಾಯಿತು. ನಾನು ಅವರನ್ನು ಕೆಟ್ಟವರೆಂದು ಅಂದಿನಿಂದ ಇಂದಿನವರೆಗೆ ಒಂದು ದಿನವೂ ಅಂದವಳಲ್ಲ. ಅದೇ ನನ್ನ ಸಂಕಟ.

ಆ ವರ್ಷ ಮೇಲಿನಿಂದ ಬರುವ ಹಣವನ್ನು ಮತ್ತೆ ಅರ್ಧಕ್ಕೆ ಇಳಿಸಿದರು. ಪುಸ್ತಕಕ್ಕೆ ಒಂದು ಕಾಸೂ ಇಲ್ಲ. ಬೇಕಾದರೆ ಮಕ್ಕಳಿಗೆ ಟ್ಯಾಬ್ಲೆಟ್ ಕೊಡುತ್ತೇವೆ, ಅದಕ್ಕೆ ಕೋಣೆಯಲ್ಲಿ ಜಾಗ ಮಾಡಿ, ಐದು ವರ್ಷದಿಂದ ಯಾರೂ ಎರವಲು ಒಯ್ಯದ ಪುಸ್ತಕವನ್ನು ತೂಕಕ್ಕೆ ಹಾಕಿ, ಎಂದು ಆದೇಶ ಬಂತು. ಜಾವಾ ಪುಸ್ತಕವನ್ನು ಮನೆಗೆ ಒಯ್ಯುವವರು ಯಾರಿದ್ದರು? ಅಲ್ಲೇ ಕೂತು ಕೇಳುವ ಕತೆ ಅದು. ನಾನು ಕೇಳಿದ್ದನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ?

ಪಾಕ್ ನಬಾಬಾನ್ ಸಭೆ ಕರೆದರು. ನಾನು ಚಹಾ ಹಂಚುತ್ತಿದ್ದೆ.

“ಬು ಕುಸ್ರಿನಿ, ಕೋಣೆ ನಿಮ್ಮದು,” ಅಂದರು. “ಅದಕ್ಕೇ ನೇರವಾಗಿ ಕೇಳ್ತೀನಿ. ಆ ಜಾವಾ ಕಪಾಟು ಹೋಗಬಹುದಾ? ಬೇಡ ಅನ್ನಿಸಿದ್ರೆ ಈಗಲೇ ಹೇಳಿ. ಟ್ಯಾಬ್ಲೆಟ್ ಇಡೋಕೆ ಬೇರೆ ಜಾಗ ಹುಡುಕ್ತೀನಿ. ನಂಗೇನೂ ಬೇಜಾರಿಲ್ಲ.”

ಬು ಕುಸ್ರಿನಿ ತಲೆ ತಗ್ಗಿಸಿದರು. ಕೈಗಳು ಹೊಟ್ಟೆಯ ಮೇಲೆ ಬಂದವು.

“ಇಂಗೇ, ಪಾಕ್.”

ಮೇಜಿನ ಸುತ್ತ ಇದ್ದವರೆಲ್ಲ ಈ ಊರಿನವರೇ. ಅದು ಬೇಡ ಎಂದು ಪ್ರತಿಯೊಬ್ಬರಿಗೂ ಗೊತ್ತು. ಎಲ್ಲರೂ ಚಹಾದ ಲೋಟದೊಳಗೆ ನೋಡಿದರು. ಮೇಲಿನವರಿಗೆ ಅರ್ಥವಾಗಿಲ್ಲ ಎಂದು ಸಭೆಯಲ್ಲಿ ಹೇಳುವವರು ಯಾರು? ಹಾಗೆ ಹೇಳಿದರೆ ಅವರಿಗೆ ಅವಮಾನ.

“ಒಳ್ಳೇದು,” ಅಂದರು ಪಾಕ್ ನಬಾಬಾನ್, ಮುಖ ಅರಳಿಸಿ. “ನೀವು ಜಗಳ ಆಡ್ತೀರಿ ಅಂತ ಹೆದರಿದ್ದೆ. ದೊಡ್ಡ ಮನಸ್ಸು ನಿಮ್ದು.”

ಸಂಜೆ ಬು ಕುಸ್ರಿನಿ ಅಂಗಡಿಗೆ ಬಂದು ಕೂತರು. ನಾನು ಚಹಾ ಕೊಡುವ ಮೊದಲೇ ಬಾಯಿ ಹಾಕಿದೆ.

“ಅವರಿಗೆ ಅರ್ಥ ಆಗ್ಲಿಲ್ಲ ಬು.”

“ಆಗಿರುತ್ತೆ ಯು. ನನ್ನ ಮುಖ ನೋಡಿದ್ರಲ್ಲ.”

“ಮುಖ ನೋಡಿದ್ರು, ಕೈ ನೋಡ್ಲಿಲ್ಲ. ಅವರು ನಮ್ಮ ಕಡೆಯವರ ಥರ. ಬಾಯಲ್ಲಿ ಬಂದದ್ದೇ ಮಾತು. ನಾಳೆ ಹೋಗಿ ಬಾಯಿ ಬಿಟ್ಟು ಹೇಳಿ. ಇಲ್ದಿದ್ರೆ ನಾನೇ ಹೋಗಿ ಹೇಳ್ತೀನಿ.”

ಅವರು ಹೆದರಿಬಿಟ್ಟರು. ನನ್ನ ಕೈ ಹಿಡಿದುಕೊಂಡರು. “ಬೇಡ ಅಂತ ಕೈ ಮುಗೀತೀನಿ ಯು. ನೀವು ಹೇಳಿದ್ರೆ ನಾನು ಅವರ ಬೆನ್ನ ಹಿಂದೆ ದೂರು ಹೇಳಿದ ಹಾಗಾಗುತ್ತೆ. ನಾನೇ ಹೇಳ್ತೀನಿ.”

“ಹೇಗೆ ಹೇಳ್ತೀರಿ? ಹೇಳಿ ನೋಡೋಣ. ನಾನೇ ಪಾಕ್ ನಬಾಬಾನ್.” ಸೊಂಟದ ಮೇಲೆ ಕೈಯಿಟ್ಟು ಎದೆ ಉಬ್ಬಿಸಿ ನಿಂತೆ. “ಬು ಕುಸ್ರಿನಿ, ಕಪಾಟು ಹೋಗಬಹುದಾ?”

ಅವರು ಬಾಯಿ ತೆರೆದರು. ‘ಬೊ’ ಅನ್ನುವವರೆಗೆ ಬಂತು. ಅಲ್ಲಿಂದ ಮುಂದೆ ಹೋಗಲಿಲ್ಲ. ಇಬ್ಬರಿಗೂ ನಗು ಬಂತು. ಮತ್ತೆ ಕೇಳಿದೆ, ಮತ್ತೆ ‘ಬೊ’. ಆ ವಾರವೆಲ್ಲ ಸಂಜೆ ಇದೇ ಪಾಠ. ನನಗೆ ಮರ್ಯಾದೆ ಕಲಿಸಿದವರಿಗೆ ನಾನು ಮರ್ಯಾದೆ ಬಿಡುವುದನ್ನು ಕಲಿಸುತ್ತಿದ್ದೆ. ಕೊನೆಗೊಂದು ಸಂಜೆ ಕಣ್ಣು ಮುಚ್ಚಿಕೊಂಡು, ಬೆಂಚು ಗಟ್ಟಿಯಾಗಿ ಹಿಡಿದುಕೊಂಡು, “ಬೊತೆನ್,” ಅಂದರು. ನಾನು ಬಿಸಿ ತೆಂಪೆ ಬಾಳೆಲೆಯಲ್ಲಿ ಕಟ್ಟಿ ಕೊಟ್ಟು ಕಳಿಸಿದೆ.

ಮರುದಿನ ಅವರು ಮೇಲೆ ಪಾಕ್ ನಬಾಬಾನರ ಕೋಣೆಗೆ ಹೋದರು. ಬೇಗ ಇಳಿದು ಬಂದರು. ನಾನು ಬಾಣಲೆ ಬಿಟ್ಟು ಓಡಿದೆ.

“ಏನಂದ್ರು?”

“ಬಾಗಿಲಿಗೇ ಎದ್ದು ಬಂದ್ರು ಯು. ತಮ್ಮ ಕುರ್ಚೀಲೇ ಕೂರಿಸಿದ್ರು. ಇಷ್ಟು ವರ್ಷ ಈ ಕೋಣೆ ಕಾಪಾಡಿದ್ದು ನೀವು, ನಿಮ್ಮ ಒಪ್ಪಿಗೆ ಇಲ್ದೆ ನಾನು ಒಂದು ಹಾಳೆ ಕೂಡ ಮುಟ್ಟಲ್ಲ ಅಂದ್ರು. ಮತ್ತೆ ಕೇಳಿದ್ರು, ಕಪಾಟು ಹೋಗಬಹುದು ತಾನೇ ಅಂತ.”

“ನೀವೇನಂದ್ರಿ?”

ಅವರ ಕೈಗಳು ಹೊಟ್ಟೆಯ ಮೇಲೆ ಬಂದವು. ನನಗೆ ಗೊತ್ತಾಯಿತು. ಅಷ್ಟು ಗೌರವ ಕೊಟ್ಟವರ ಮುಖಕ್ಕೆ ಬೊತೆನ್ ಅನ್ನುವುದು ಅವರಿಂದ ಆಗಲಿಲ್ಲ. ಆತ ಕೂಗಾಡಿದ್ದರೆ ಒಂದು ವೇಳೆ ಅನ್ನುತ್ತಿದ್ದರೋ ಏನೋ.

ಲಾರಿ ಬಂದದ್ದು ಸಂತೆಯ ದಿನ. ನಾನು ಸೋಯಾ ಕಾಳು ತರಲು ಹೋಗಿದ್ದೆ. ತಿರುಗಿ ಬರುವಾಗ ಗ್ರಂಥಾಲಯದ ಅಂಗಳದಲ್ಲಿ ಲಾರಿಯ ಚಕ್ರದ ಗುರುತು ಮಾತ್ರ ಇತ್ತು. ಕಿಟಕಿ ತೆರೆದಿತ್ತು. ಒಳಗೆ ಹೋದೆ. ಕಪಾಟು ಬರಿದು. ಅದರ ಮುಂದೆ ಬು ಕುಸ್ರಿನಿ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನಿಂತಿದ್ದರು. ಕಾಲ ಬಳಿ ಲವಂಗ ಚೆಲ್ಲಿತ್ತು. ಪಾಕ್ ನಬಾಬಾನ್ ಅಳತೆ ಪಟ್ಟಿ ಹಿಡಿದು ಗೋಡೆ ಅಳೆಯುತ್ತಿದ್ದರು.

ನನ್ನ ಕೈಯ ಚೀಲ ಬಿತ್ತು. ಕಾಳು ಕೋಣೆಯ ತುಂಬ ಚೆಲ್ಲಾಪಿಲ್ಲಿಯಾಯಿತು.

“ಅವರು ಬೇಡ ಅಂದ್ರಲ್ಲ,” ಅಂದೆ. “ಕಿವಿ ಇಲ್ವಾ ನಿಮಗೆ?”

ಪಾಕ್ ನಬಾಬಾನ್ ತಿರುಗಿದರು. “ಯಾರು ಬೇಡ ಅಂದ್ರು?”

“ಬು ಕುಸ್ರಿನಿ. ಸಭೇಲಿ ಅಂದ್ರು. ನಿಮ್ಮ ಕೋಣೇಲಿ ಅಂದ್ರು.”

“ಇಲ್ಲ ಯು. ಎರಡು ಸಲಾನೂ ಇಂಗೆ ಅಂದ್ರು. ಈಗ ಲಾರಿಗೆ ಹಾಕೋ ಮೊದಲು ಕೂಡ ಮತ್ತೆ ಕೇಳ್ದೆ. ಇಲ್ಲೇ ನಿಂತಿದ್ರು. ಇಂಗೆ ಅಂದ್ರು.”

“ಹೇಗೆ ಅಂದ್ರು? ಹೀಗೆ ಅಂದ್ರಾ?” ನಾನು ತಲೆ ತಗ್ಗಿಸಿ ಕೈ ಹೊಟ್ಟೆಯ ಮೇಲಿಟ್ಟು ತೋರಿಸಿದೆ. “ಇಂಗೇ. ಇದು ಬೇಡ ಅಂತ ಪಾಕ್. ಈ ಊರಿನ ನಾಯಿಗೂ ಗೊತ್ತು ಇದು ಬೇಡ ಅಂತ.”

ಅವರು ಬಾಗಿಲ ಬಳಿ ನಿಂತಿದ್ದ ಗ್ರಂಥಾಲಯದ ಗುಮಾಸ್ತರನ್ನು ನೋಡಿದರು. ಗುಮಾಸ್ತರು ನೆಲ ನೋಡಿದರು. ಪಾಕ್ ಬು ಕುಸ್ರಿನಿಯ ಕಡೆ ತಿರುಗಿದರು. ಅವರೂ ನೆಲ ನೋಡಿದರು. ಪಾಕ್ ನಬಾಬಾನ್ ಅಳತೆ ಪಟ್ಟಿ ಬಿಸಾಡಿ ಜೀಪಿನ ಕೀಲಿ ತೆಗೆದುಕೊಂಡು ಓಡಿದರು. ನಾನೂ ಹಿಂದೆ ಓಡಿ ಹತ್ತಿದೆ.

ಊರ ಹೊರಗೆ ರದ್ದಿ ಕಾಗದ ಅರೆದು ಮೊಟ್ಟೆ ಇಡುವ ರಟ್ಟಿನ ತಟ್ಟೆ ಮಾಡುವ ಕಾರ್ಖಾನೆ ಇದೆ, ಲಾರಿ ಹೋದದ್ದು ಅಲ್ಲಿಗೇ. ದಾರಿಯುದ್ದಕ್ಕೂ ಅವರು, “ನೇರವಾಗಿ ಕೇಳಿದೆನಲ್ಲ, ನೇರವಾಗಿ ಕೇಳಿದೆನಲ್ಲ,” ಅನ್ನುತ್ತಲೇ ಇದ್ದರು. ನಾವು ಹೋದಾಗ ಲಾರಿ ಖಾಲಿಯಾಗಿತ್ತು. ಕಾಗದವೆಲ್ಲ ನೀರಿನ ತೊಟ್ಟಿಯೊಳಗಿತ್ತು, ಯಂತ್ರ ತಿರುಗುತ್ತಿತ್ತು. ಪಾಕ್ ನಬಾಬಾನ್ ಕೂಗಿ ಅದನ್ನು ನಿಲ್ಲಿಸಿದರು. ಬೂಟು ಬಿಚ್ಚದೆ ತೊಟ್ಟಿಗೆ ಇಳಿದು, ಇಸ್ತ್ರಿಯ ಅಂಗಿಯ ತೋಳಿನಿಂದ ಆ ಬೂದು ಬಣ್ಣದ ಗಂಜಿಯನ್ನು ತಡಕಾಡಿದರು. ನಾನು ಅಂಚಿನಲ್ಲಿ ನಿಂತು ಕೊಟ್ಟದ್ದನ್ನು ಈಸಿಕೊಂಡೆ. ಸಿಕ್ಕಿದ್ದು ಒಂದು ತೆಕ್ಕೆ. ಹೆಚ್ಚಿನವು ರಟ್ಟು ಮಾತ್ರ.

ಬು ಕುಸ್ರಿನಿ ಅವನ್ನು ನನ್ನ ಅಂಗಡಿಯ ಬಿದಿರಿನ ಬೆಂಚಿನ ಮೇಲೆ ಒಣಗಲು ಹರಡಿದರು. ಹಾಳೆಗಳು ಒಂದಕ್ಕೊಂದು ಹತ್ತಿಕೊಂಡು ಹಪ್ಪಳದ ಹಾಗೆ ಗಟ್ಟಿಯಾದವು. ಚಾಕುವಿನ ತುದಿಯಿಂದ ಬಿಡಿಸಲು ಹೋದರೆ ಅಕ್ಷರವೂ ಎದ್ದು ಬರುತ್ತಿತ್ತು. ಒಂದು ಹಾಳೆಯಲ್ಲಿ ಇಲಿಯ ಬಾಲ ಉಳಿದಿತ್ತು. ಗಂಜಿ ಕಾಯಿಸಿ ತಂದಿದ್ದರು, ಅಂಟಿಸುವುದಕ್ಕೆ ಏನೂ ಇರಲಿಲ್ಲ. ಅದು ಬಟ್ಟಲಲ್ಲೇ ಒಣಗಿತು. ನಾನು ಅತ್ತೆ. ಅವರು ಅಳಲಿಲ್ಲ.

ಟ್ಯಾಬ್ಲೆಟ್ ಬಂದವು, ನೀಲಿ ಕುರ್ಚಿ ಬಂದವು. ಮಕ್ಕಳು ಮೆಟ್ಟಿಲಿನಿಂದ ಒಳಗೆ ಬಂದು ಕತ್ತು ಬಗ್ಗಿಸಿ ಕೂತವು. ಚಾರ್ಜು ಹಾಕುವುದು, ಬೆರಳ ಗುರುತು ಒರೆಸುವುದು ಬು ಕುಸ್ರಿನಿಯ ಕೆಲಸವಾಯಿತು. ಶನಿವಾರ ಎಸಿ ಹಾಕುತ್ತಿದ್ದುದರಿಂದ ಕಿಟಕಿ ಮುಚ್ಚಿರುತ್ತಿತ್ತು. ನಾನು ಉರಿ ಸಣ್ಣ ಮಾಡುವುದನ್ನು ಬಿಟ್ಟೆ. ಪಾಕ್ ನಬಾಬಾನ್ ಆಗಾಗ ಸೋಲೋದ ಹಳೆ ಪುಸ್ತಕದ ಸಂತೆಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಅವರು ಈಗ ಯಾರೊಡನೆ ಮಾತಾಡಿದರೂ ಮೊದಲು ಕೈ ನೋಡುವುದು ಕಲಿತಿದ್ದರು.

ಮುಂದಿನ ವರ್ಷ ಬು ಕುಸ್ರಿನಿ ನಿವೃತ್ತರಾದರು. ಅರಿಶಿನದ ಅನ್ನದ ಗೋಪುರ, ಸುತ್ತ ಕೋಳಿ, ಮೊಟ್ಟೆ, ಎಲ್ಲ ನಾನೇ ಮಾಡಿದ್ದು. ಭಾಷಣಗಳಾದವು. ಎಲ್ಲ ಮುಗಿದ ಮೇಲೆ ಪಾಕ್ ನಬಾಬಾನ್ ಅವರ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು. “ಬು, ನನ್ನ ಮೇಲೆ ಸಿಟ್ಟಿದೆಯಾ? ಇದೊಂದು ಸಲ ಬಾಯಿ ಬಿಟ್ಟು ಹೇಳಿ.”

ನಾನು ಅನ್ನದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬು ಕುಸ್ರಿನಿ ತಲೆ ಎತ್ತಿದರು. ಅವರ ಕಣ್ಣಿಗೆ ಕಣ್ಣಿಟ್ಟು ನೋಡಿದರು. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಸ್ಪಷ್ಟವಾಗಿ, ನಾನು ಕಲಿಸಿದ ಹಾಗೆಯೇ ಅಂದರು.

“ಬೊತೆನ್.”

ಪಾಕ್ ನಬಾಬಾನರ ಕಣ್ಣಲ್ಲಿ ನೀರು ಬಂತು. ಅವರ ಕೈ ಹಿಡಿದು ಕುಲುಕಿದರು. ಎದೆಯ ಮೇಲಿನ ಭಾರ ಇಳಿದವರ ಹಾಗೆ ಮೆಟ್ಟಿಲು ಹತ್ತಿ ಹೋದರು.

ಎಲ್ಲರೂ ಹೋದ ಮೇಲೆ ಬು ಕುಸ್ರಿನಿ ನನ್ನ ಅಂಗಡಿಗೆ ಬಂದು ಮುಚ್ಚಿದ ಕಿಟಕಿಯ ಕೆಳಗೆ ಕೂತರು. ನಾನು ಚಹಾ ಕೊಟ್ಟೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಸಿಟ್ಟಿಲ್ಲ ಅಂದ್ರಲ್ಲ ಬು,” ಅಂದೆ. “ನಿಜವಾ?”

ಅವರು ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟರು. ತಲೆ ತಗ್ಗಿಸಿದರು. ಎರಡು ಕೈಯನ್ನೂ ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡರು.

“ಇಂಗೇ, ಯು,” ಅಂದರು.